ಮಾಳಿಗೆಯ ಮಳೆ, ಅಮೆಜಾನಿನ ಮೀನು

ಧಾರವಾಡ ತಾಲ್ಲೂಕಿನ ಗರಗದಂಥ ಊರುಗಳಲ್ಲಿ ಬೋರಿನ ನೀರು ಕಾಯಿಸುವ ಹಳೆಯ ಹಂಡೆಯೊಳಗೆ ಒಮ್ಮೆ ಕೈಯಾಡಿಸಿ ನೋಡಬೇಕು. ಹೊರಗೆ ಹುಣಸೆಹಣ್ಣು ಹಚ್ಚಿ ಬೆಳಗಿದ ತಾಮ್ರ ಫಳಫಳ ಹೊಳೆಯುತ್ತಿರುತ್ತದೆ. ಒಳಗೆ ಮಾತ್ರ ಬೆರಳಿಗೆ ತಾಗುವುದು ಕಲ್ಲಿನಂಥ ಒರಟು ಬಿಳಿ ಪದರು. ವರ್ಷಗಟ್ಟಲೆ ಕುದಿದ ನೀರು ಬಿಟ್ಟುಹೋದ ಸುಣ್ಣ ಅದು. ಗೀಸರಿನ ಕಾಯ್ಲು ಸುಟ್ಟುಹೋಗುವುದು ಇದೇ ಸುಣ್ಣದಿಂದ. ಸಾಬೂನು ಎಷ್ಟು ಉಜ್ಜಿದರೂ ನೊರೆ ಬಾರದಿರುವುದಕ್ಕೂ ಇದೇ ಕಾರಣ. ‘ಈ ನೀರಾಗ ಬ್ಯಾಳಿ ಬೇಯಂಗಿಲ್ಲ’ ಎಂದು ಅಡುಗೆಮನೆಯಲ್ಲಿ ಕೇಳಿಬರುವ ದೂರಿನ ಮೂಲವೂ ಇದೇ.

ಇದೇ ನೀರನ್ನು ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿಗೆ ತುಂಬಿ, ಹಸಿರು ಗಿಡ ನೆಟ್ಟು, ಅದರಲ್ಲಿ ಡಿಸ್ಕಸ್ ಮೀನು ಸಾಕಲು ಹೊರಟರೆ ಏನಾದೀತು?

ಸಾವಿರಾರು ರೂಪಾಯಿ ಕೊಟ್ಟು ತಂದ ಮೀನು ಕಣ್ಣೆದುರಿಗೇ ಕಪ್ಪಾಗಿ, ಮೂಲೆ ಹಿಡಿದು, ಮೇವು ಬಿಟ್ಟು ನಿಲ್ಲುವುದನ್ನು ಕಂಡ ಹವ್ಯಾಸಿಗಳು ಹುಬ್ಬಳ್ಳಿ–ಧಾರವಾಡದ ಸುತ್ತ ಮಾತ್ರವಲ್ಲ, ಬೋರ್‌ವೆಲ್ ನಂಬಿಕೊಂಡ ಬಯಲುಸೀಮೆಯ ಉದ್ದಕ್ಕೂ ಸಿಗುತ್ತಾರೆ. ಆಗ ಶುರುವಾಗುವುದು ನೀರನ್ನು ಮೆದುಗೊಳಿಸುವ ಪರದಾಟ. ಯಾರೋ ಆಸಿಡ್ ಎನ್ನುತ್ತಾರೆ, ಯಾರೋ ಬಾದಾಮಿ ಎಲೆ ಎನ್ನುತ್ತಾರೆ, ಇನ್ನೊಬ್ಬರು ಮನೆಗೆಲ್ಲ ಸಾಫ್ಟ್‌ನರ್ ಹಾಕಿಸಿ ಎನ್ನುತ್ತಾರೆ. ಪರಿಹಾರ ಮಾತ್ರ ವರ್ಷಕ್ಕೆ ನಾಲ್ಕೈದು ತಿಂಗಳು ಅವರದೇ ಮಾಳಿಗೆಯ ಮೇಲೆ ಬಿದ್ದು, ಹರನಾಳಿಗೆಯಿಂದ ಇಳಿದು, ಗಟಾರ ಸೇರುತ್ತಿರುತ್ತದೆ.

ಡಿಸ್ಕಸ್ ಹೆಸರಿಗೆ ತಕ್ಕಂತೆ ದುಂಡನೆಯ, ತಟ್ಟೆಯಂಥ ಮೀನು. ಪಕ್ಕದಿಂದ ನೋಡಿದರೆ ಅಂಗೈಯಗಲದ ಚಕ್ರ, ಎದುರಿನಿಂದ ನೋಡಿದರೆ ಬರೀ ಒಂದು ಗೀಟು. ವಿಯೆನ್ನಾದ ಮೀನುವಿಜ್ಞಾನಿ ಯೋಹಾನ್ ಯಾಕೋಬ್ ಹೆಕೆಲ್ 1840ರಲ್ಲಿ ಇದಕ್ಕೆ ಸಿಂಫೈಸೋಡಾನ್ ಡಿಸ್ಕಸ್ ಎಂದು ಶಾಸ್ತ್ರೀಯ ಹೆಸರಿಟ್ಟ. ಅವನ ಮುಂದಿದ್ದ ಮಾದರಿಗಳು ಯೋಹಾನ್ ನಾಟರರ್ ಎಂಬ ಪ್ರಕೃತಿ ಸಂಗ್ರಾಹಕ ಬ್ರೆಜಿಲಿನಿಂದ ಕಳಿಸಿದವು. ಹೆಕೆಲ್ ಹೆಸರಿನ ಡಿಸ್ಕಸ್ ಇವತ್ತಿಗೂ ಇರುವುದು ಅಮೆಜಾನಿನ ಉಪನದಿ ರಿಯೋ ನೀಗ್ರೋದ ಕಪ್ಪುನೀರಿನಲ್ಲಿ. ಕಾಡಿನ ಎಲೆ, ತೊಗಟೆ, ಬೇರು ಕೊಳೆತು ಬಿಟ್ಟ ಬಣ್ಣದಿಂದ ಆ ನೀರು ಹಾಲಿಲ್ಲದ ಕಡು ಚಹಾದಂತೆ ಕಾಣುತ್ತದೆ. ಅದರ ಪಿಎಚ್ 4ರಿಂದ 5ರ ಆಸುಪಾಸು. ಕರಗಿದ ಲವಣ ಎಷ್ಟು ಕಡಿಮೆಯೆಂದರೆ ಹೆಚ್ಚುಕಡಿಮೆ ಮಳೆನೀರೇ. ನದಿ ಹರಿದುಬರುವ ನೆಲ ಕೋಟ್ಯಂತರ ವರ್ಷಗಳಿಂದ ಮಳೆಗೆ ತೊಳೆದು ಬರಿದಾದ ಮರಳು ಮತ್ತು ಹಳೆಯ ಬಂಡೆ. ನೀರಿಗೆ ಕೊಡಲು ಅದರ ಬಳಿ ಸುಣ್ಣವೇ ಉಳಿದಿಲ್ಲ.

ಗರಗದ ಕಥೆ ಇದಕ್ಕೆ ತೀರಾ ತಿರುಗುಮುರುಗು. ಬೆಳಗಾವಿ ದಿಕ್ಕಿಗೆ ಧಾರವಾಡ ದಾಟಿ ಹದಿನೈದು ಕಿಲೊಮೀಟರಿನ ಸುಮಾರಿಗೆ ಸಿಗುವ ಈ ಊರನ್ನು ದೇಶ ಬಲ್ಲದ್ದು ರಾಷ್ಟ್ರಧ್ವಜದ ಖಾದಿ ಬಟ್ಟೆಯಿಂದ. ಇಲ್ಲಿನ ಕ್ಷೇತ್ರೀಯ ಸೇವಾ ಸಂಘ 1954ರಿಂದ ನೂತು ನೇಯ್ದುಕೊಂಡು ಬಂದಿದೆ. ನೂಲು ತೊಳೆದು ಬಣ್ಣ ಹಾಕುವವರಿಗೆ ಗಡಸು ನೀರಿನ ಕಾಟ ಹೊಸದಲ್ಲ. ಬಣ್ಣ ಸಮನಾಗಿ ಹಿಡಿಯದಂತೆ ಮಾಡುವುದು, ಸಾಬೂನನ್ನು ಮೊಸರಿನಂತೆ ಒಡೆಸುವುದು ಅದೇ ಸುಣ್ಣ ಮತ್ತು ಮೆಗ್ನೀಸಿಯಂ. ಈ ಸೀಮೆಯ ಎರೆಭೂಮಿಯನ್ನು ಅಗೆದವರಿಗೆ ಮಣ್ಣಿನಲ್ಲಿ ಬೆರೆತ ಬಿಳಿ ಸುಣ್ಣದ ಹರಳುಗಳು ಕಂಡಿರುತ್ತವೆ. ಮಳೆನೀರು ಮಣ್ಣಿಗಿಳಿಯುವಾಗ ಬೇರುಗಳ ಉಸಿರಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿ ಹರಳನ್ನು ಕರಗಿಸಿಕೊಂಡು ಆಳಕ್ಕೆ ಇಳಿಯುತ್ತದೆ. ನೂರಾರು ಅಡಿ ಕೆಳಗೆ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಇನ್ನಷ್ಟು ಲವಣ ಕೂಡಿಸಿಕೊಳ್ಳುತ್ತದೆ. ಬೋರ್ ಎತ್ತಿ ತರುವುದು ಆ ನೀರನ್ನು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ ಕಡೆ ಹೋದಂತೆ ನೀರು ಇನ್ನೂ ಸವಳಾಗುತ್ತದೆ. ಅಲ್ಲಿಯ ಜನ ಕುಡಿಯಲು ಕೆರೆಯ ನೀರನ್ನೇ ನೆಚ್ಚಿಕೊಂಡದ್ದು ಸುಮ್ಮನೆ ಅಲ್ಲ. ಕೆರೆ ಎಂದರೆ ನೆಲಕ್ಕಿಳಿಯುವ ಮುನ್ನ ಹಿಡಿದಿಟ್ಟ ಮಳೆ.

ನೀರು ಎಷ್ಟು ಗಡಸು ಎಂದು ಅಳೆಯುವ ಲೆಕ್ಕ ಕಷ್ಟದ್ದೇನಲ್ಲ. ಲೀಟರಿಗೆ ಎಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ ಎಂಬುದು ಪ್ರಯೋಗಾಲಯದ ಮಾತು. ಮೀನು ಸಾಕುವವರು ಹೇಳುವುದು ‘ಡಿಗ್ರಿ’. ಒಂದು ಡಿಗ್ರಿಗೆ 17.8 ಮಿಲಿಗ್ರಾಂ. ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನದಂಡ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು ಎನ್ನುತ್ತದೆ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೂ ಒಪ್ಪುತ್ತದೆ. ಡಿಗ್ರಿಯಲ್ಲಿ ಹೇಳುವುದಾದರೆ 11ರಿಂದ ಸುಮಾರು 34. ಮನುಷ್ಯನಿಗೆ ನಡೆಯುವ ಈ ನೀರು ರಿಯೋ ನೀಗ್ರೋದ ಮೀನಿಗೆ ಬೇರೆಯದೇ ಲೋಕ.

ಒಂದು ಮಾತು ಇಲ್ಲಿ ಸ್ಪಷ್ಟವಾಗಬೇಕು. ಇವತ್ತು ಅಂಗಡಿಯಲ್ಲಿ ಸಿಗುವ ಕೆಂಪು, ನೀಲಿ, ಹಳದಿ ಡಿಸ್ಕಸ್‌ಗಳು ನೇರ ಅಮೆಜಾನಿನಿಂದ ಬಂದವಲ್ಲ. ಅಮೆರಿಕ, ಜರ್ಮನಿ, ಥಾಯ್ಲೆಂಡ್, ಮಲೇಷ್ಯಾಗಳ ತೊಟ್ಟಿಗಳಲ್ಲಿ ತಲೆಮಾರುಗಳ ಕಾಲ ಬೆಳೆದು, ನಮ್ಮ ದೇಶದ ತಳಿಗಾರರ ಕೈಗೂ ಬಂದ ಸಂತತಿ ಅದು. ಕಾಡಿನ ಮೀನಿನಷ್ಟು ನಾಜೂಕು ಇವಕ್ಕಿಲ್ಲ. ಬೆಳೆದ ಮೀನು ಮಧ್ಯಮ ಗಡಸು ನೀರಿನಲ್ಲಿ ವರ್ಷಗಟ್ಟಲೆ ಚೆನ್ನಾಗಿಯೇ ಬದುಕಬಲ್ಲದು, ನೀರು ಚೊಕ್ಕಟವಾಗಿದ್ದು ಶಾಖ 28ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ. ಕಪ್ಪಾಗಿ ಮೂಲೆ ಹಿಡಿಯುವ ಮೀನಿಗೆ ಎಷ್ಟೋ ಸಲ ನಿಜವಾದ ಕಾರಣ ಗಡಸುತನ ಅಲ್ಲ; ಕೊಳೆತ ಮೇವು, ಅಮೋನಿಯಾ, ಚಳಿಗಾಲದ ಬೆಳಗಿನ ತಣ್ಣೀರು. ಅದನ್ನು ಸರಿಮಾಡದೆ ನೀರು ಮೆದುಮಾಡಲು ಹೊರಟರೆ ದುಡ್ಡೂ ಹೋಗುತ್ತದೆ, ಮೀನೂ ಹೋಗುತ್ತದೆ.

ಮೆದು ನೀರು ನಿಜಕ್ಕೂ ಬೇಕಾಗುವುದು ಮರಿಮಾಡುವಾಗ. ಗಡಸು ನೀರಿನಲ್ಲಿ ತತ್ತಿಯ ಹೊರಪೊರೆ ಗಟ್ಟಿಯಾಗುತ್ತದೆ, ಒಡೆಯುವ ತತ್ತಿ ಕಡಿಮೆಯಾಗುತ್ತದೆ ಎಂಬುದು ತಳಿಗಾರರ ಅನುಭವ. ಆಮೇಲೆ ನಡೆಯುವುದಂತೂ ಮೀನುಗಳ ಲೋಕದಲ್ಲೇ ಅಪರೂಪದ ಸಂಗತಿ. ಈಜು ಕಲಿತ ಮರಿಗಳು ಅಪ್ಪ–ಅಮ್ಮನ ಮೈಗೆ ಅಂಟಿಕೊಂಡು, ಚರ್ಮದ ಮೇಲೆ ಒಸರುವ ಲೋಳೆಯನ್ನೇ ಮೇಯುತ್ತವೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತತ್ತಿ ಇಟ್ಟ ಮೇಲೆ ಆ ಲೋಳೆಯಲ್ಲಿ ಪ್ರೋಟೀನ್ ಮತ್ತು ರೋಗನಿರೋಧಕ ಅಂಶ ಹೆಚ್ಚುತ್ತದೆ ಎಂದು ತೋರಿಸಿದರು. ಸಸ್ತನಿಗಳ ಹಾಲಿಗೆ ಹೋಲಿಸುವಂಥದ್ದು. ಗಂಡೂ ಹೆಣ್ಣೂ ಪಾಳಿ ಹಾಕಿಕೊಂಡು ಮರಿಗೆ ಮೈಕೊಟ್ಟು ನಿಲ್ಲುವುದನ್ನು ಒಮ್ಮೆ ನೋಡಿದವರು ಈ ಮೀನಿನ ಸಹವಾಸ ಬಿಡುವುದಿಲ್ಲ. ನೀರಿಗಾಗಿ ಅಷ್ಟೊಂದು ಒದ್ದಾಡುವುದೇಕೆ ಎಂಬ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ.

ಹಂಡೆಯ ಕಡೆಗೆ ಮತ್ತೆ ಬರೋಣ. ಕುದಿಸಿದಾಗ ಪದರಾಗಿ ಇಳಿಯುವುದು ನೀರಿನ ಗಡಸಿನಲ್ಲಿ ಒಂದು ಪಾಲು ಮಾತ್ರ, ಬೈಕಾರ್ಬೊನೇಟ್ ರೂಪದಲ್ಲಿ ಇರುವ ಪಾಲು. ಶಾಲೆಯ ಪುಸ್ತಕದಲ್ಲಿ ಅದಕ್ಕೆ ತಾತ್ಕಾಲಿಕ ಗಡಸುತನ ಎಂದು ಹೆಸರು. ಸಲ್ಫೇಟ್, ಕ್ಲೋರೈಡ್ ಆಗಿ ಕರಗಿದ ಕ್ಯಾಲ್ಸಿಯಂ–ಮೆಗ್ನೀಸಿಯಂ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಅದು ಶಾಶ್ವತ ಗಡಸುತನ. ಮೀನು ಸಾಕುವವರು ಅಳೆಯುವುದೂ ಎರಡು ಸಂಖ್ಯೆ. ಜಿಎಚ್ ಎಂದರೆ ಒಟ್ಟು ಕ್ಯಾಲ್ಸಿಯಂ–ಮೆಗ್ನೀಸಿಯಂ. ಕೆಎಚ್ ಎಂದರೆ ಕಾರ್ಬೊನೇಟಿನ ಬಲ, ಅಂದರೆ ಹುಳಿಯನ್ನು ಎಷ್ಟರಮಟ್ಟಿಗೆ ನುಂಗಿಕೊಂಡು ಪಿಎಚ್ ಅಲುಗದಂತೆ ಹಿಡಿಯಬಲ್ಲದು ಎಂಬ ಲೆಕ್ಕ. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ಮಾಡುವ ಉಪಾಯಗಳೇ ತೊಟ್ಟಿಗೆ ಮುಳುವಾಗುವುದು.

ಮೊದಲನೆಯದು ಆಸಿಡ್. ಅಂಗಡಿಯಲ್ಲಿ ಸಿಗುವ ಪಿಎಚ್ ಇಳಿಸುವ ಬಾಟಲಿಯ ನಾಲ್ಕು ಹನಿ ಬಿಟ್ಟರೆ ಸಂಜೆ ಪಿಎಚ್ 6.5 ತೋರಿಸುತ್ತದೆ, ಬೆಳಿಗ್ಗೆ ನೋಡಿದರೆ ಮತ್ತೆ 8. ಕೆಎಚ್ ಹುಳಿಯನ್ನು ನುಂಗಿ ಕೂತಿರುತ್ತದೆ. ಮತ್ತೆ ಹಾಕು, ಮತ್ತೆ ಏರು. ದಿನಕ್ಕೆರಡು ಸಲ ಉಯ್ಯಾಲೆಯಾಡುವ ಪಿಎಚ್, ಏರಿದ್ದೇ ಆದರೂ ಸ್ಥಿರವಾಗಿರುವ ಪಿಎಚ್‌ಗಿಂತ ಮೀನಿಗೆ ಕೆಟ್ಟದ್ದು. ಗಡಸುತನ ಒಂದು ಕೂದಲೆಳೆಯಷ್ಟೂ ಇಳಿದಿರುವುದಿಲ್ಲ. ಬಾಟಲಿಯಲ್ಲಿರುವುದು ಫಾಸ್ಫಾರಿಕ್ ಆಮ್ಲವಾದರೆ ಮೇಲೆ ಪಾಚಿಗೂ ಒಳ್ಳೆ ಗೊಬ್ಬರ.

ಎರಡನೆಯದು ಮನೆಯ ಸಾಫ್ಟ್‌ನರ್. ಅದರೊಳಗಿನ ರಾಳದ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಅದಕ್ಕೇ ಆಗಾಗ ಉಪ್ಪು ಸುರಿಯಬೇಕಾಗುವುದು. ಬಟ್ಟೆ ಒಗೆಯಲು, ಗೀಸರಿಗೆ ಅದು ಒಳ್ಳೆಯದೇ. ತೊಟ್ಟಿಗೆ ಅಲ್ಲ. ಕರಗಿದ ಲವಣದ ಒಟ್ಟು ಪ್ರಮಾಣ ಇದ್ದಷ್ಟೇ ಇರುತ್ತದೆ, ಕೆಎಚ್ ಕೂಡ ಕದಲುವುದಿಲ್ಲ. ಗಿಡಗಳಿಗೆ ಬೇಕಾದ ಕ್ಯಾಲ್ಸಿಯಂ–ಮೆಗ್ನೀಸಿಯಂ ಮಾತ್ರ ಹೋಗಿ, ಬೇಡವಾದ ಸೋಡಿಯಂ ತುಂಬಿಕೊಳ್ಳುತ್ತದೆ. ಹೆಸರಿಗೆ ಮೆದು ನೀರು. ಡಿಸ್ಕಸ್ ಬೇಡುವ ಮೆದುತನವೇ ಬೇರೆ.

ಕಾಡುಬಾದಾಮಿಯ ಒಣ ಎಲೆಗೆ ಒಂದು ಮಟ್ಟಿಗೆ ಜಾಗವಿದೆ. ನೀರಿಗೆ ಚಹಾದ ಬಣ್ಣ, ತುಸು ಒಗರು ಬರುತ್ತದೆ. ಮೀನು ಆ ಮಂದ ಬೆಳಕಿನಲ್ಲಿ ನಿರಾಳವಾಗುತ್ತದೆ. ಆದರೆ ಗಡಸು ನೀರನ್ನು ಎಲೆ ಮೆದು ಮಾಡಲಾರದು. ನೀರು ಮೊದಲೇ ಮೆದುವಾಗಿದ್ದರೆ ಮಾತ್ರ ಪಿಎಚ್ ಅನ್ನು ಸ್ವಲ್ಪ ಇಳಿಸೀತು.

ಉಳಿಯುವುದು ಲವಣವನ್ನೇ ತೆಗೆದುಹಾಕುವ ದಾರಿ, ಅಂದರೆ ಆರ್‌ಒ. ಕೆಲಸವನ್ನು ಚೊಕ್ಕವಾಗಿ ಮಾಡುತ್ತದೆ, ಅನುಮಾನವಿಲ್ಲ. ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಕೊಡ ಹಿಡಿದು ಜನ ಸಾಲುನಿಲ್ಲುವ ಶುದ್ಧ ಕುಡಿಯುವ ನೀರಿನ ಘಟಕಗಳು ನಡೆಯುವುದೂ ಇದೇ ತಂತ್ರದಿಂದ. ತೊಂದರೆ ಇರುವುದು ಪೋಲಿನಲ್ಲಿ. ಮನೆಬಳಕೆಯ ಸಾಮಾನ್ಯ ಯಂತ್ರ ಒಂದು ಲೀಟರ್ ಒಳ್ಳೆ ನೀರು ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ, ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣ ಇರುವ ಕಡೆ ಆರ್‌ಒ ನಿಷೇಧಿಸಬೇಕು, ಉಳಿದೆಡೆ ಶೇ 60ಕ್ಕಿಂತ ಹೆಚ್ಚು ನೀರನ್ನು ಉಳಿಸಿಕೊಳ್ಳಬೇಕು ಎಂದು ಹೇಳಿದ್ದು ಇದೇ ಪೋಲಿನ ಕಾರಣಕ್ಕೆ. ಕುಡಿಯುವ ನೀರಿಗೆ ಪಾಳಿ ಹಚ್ಚುವ ಊರಿನಲ್ಲಿ ಮೀನಿನ ಹವ್ಯಾಸಕ್ಕಾಗಿ ವಾರಕ್ಕೆ ನಾನೂರು ಲೀಟರ್ ಗಟಾರಕ್ಕೆ ಬಿಡುವುದು ಸರಿಯಲ್ಲ.

ಹೀಗಾಗಿ ಮಾಳಿಗೆ.

ಧಾರವಾಡದ ಸುತ್ತ ವರ್ಷಕ್ಕೆ ಸರಾಸರಿ 750 ಮಿಲಿಮೀಟರ್ ಆಸುಪಾಸಿನ ಮಳೆ. 20×30 ಅಡಿಯ ಆರ್‌ಸಿಸಿ ಮಾಳಿಗೆ ಎಂದರೆ 600 ಚದರಡಿ, ಸುಮಾರು 56 ಚದರ ಮೀಟರ್. ಅದರ ಮೇಲೆ ವರ್ಷಕ್ಕೆ ಬೀಳುವ ನೀರು 42 ಸಾವಿರ ಲೀಟರ್. ಆವಿಯಾದದ್ದು, ಚೆಲ್ಲಿದ್ದು, ಮೊದಲು ತೊಳೆದು ಬಿಟ್ಟದ್ದು ಎಂದು ಐದರಲ್ಲಿ ಒಂದು ಪಾಲು ಕಳೆದರೂ 33 ಸಾವಿರ ಲೀಟರ್ ಕೈಗೆ ಸಿಗುತ್ತದೆ. ಅದರ ಗಡಸುತನ ಸೊನ್ನೆಗೆ ಹತ್ತಿರ.

ತೊಟ್ಟಿಗೆ ಎಷ್ಟು ಬೇಕು? 4×2×2 ಅಡಿಯ ತೊಟ್ಟಿಯಲ್ಲಿ ಮರಳು, ಕಟ್ಟಿಗೆ ಕಳೆದು ಸುಮಾರು 400 ಲೀಟರ್ ನೀರು ನಿಲ್ಲುತ್ತದೆ. ಡಿಸ್ಕಸ್ ಸಾಕುವವರು ವಾರಕ್ಕೆ ಅರ್ಧ, ಅಂದರೆ 200 ಲೀಟರ್ ಬದಲಿಸುತ್ತಾರೆ ಎನ್ನೋಣ. ಬೋರಿನ ನೀರಿನ ಗಡಸುತನ 400 ಮಿಲಿಗ್ರಾಂ ಎಂದಿಟ್ಟುಕೊಂಡರೆ, 50 ಲೀಟರ್ ಬೋರಿನ ನೀರಿಗೆ 150 ಲೀಟರ್ ಮಳೆನೀರು ಬೆರೆಸಿದಾಗ 100 ಮಿಲಿಗ್ರಾಂಗೆ ಇಳಿಯುತ್ತದೆ. ಐದೂವರೆ ಡಿಗ್ರಿ. ಗಿಡಕ್ಕೂ ಮೀನಿಗೂ ಹಿತವಾದ ಜಾಗ ಅದು. ವರ್ಷಕ್ಕೆ ಬೇಕಾಗುವ ಮಳೆನೀರು 7,800 ಲೀಟರ್. ಮಾಳಿಗೆ ಕೊಡುವುದು ಅದರ ನಾಲ್ಕು ಪಟ್ಟು. ಕೂಡಿಡಬೇಕಾದದ್ದು ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಿಗೆ: 21 ವಾರಕ್ಕೆ 3,150 ಲೀಟರ್. ಸಾವಿರ ಲೀಟರಿನ ಮೂರು ಪ್ಲಾಸ್ಟಿಕ್ ಟಾಕಿ ಮತ್ತು ಒಂದು ಪೀಪಾಯಿ. 20 ಮಿಲಿಮೀಟರಿನ ಒಂದೇ ಜೋರು ಮಳೆ 900 ಲೀಟರ್ ತಂದು ಸುರಿಯುತ್ತದೆ.

ಮಳೆನೀರು ನಂಬಿ ಬದುಕಬಹುದೇ ಎಂಬ ಸಂಶಯಕ್ಕೆ ಕರ್ನಾಟಕದಲ್ಲೇ ಉತ್ತರ ಇದೆ. ವಿಜ್ಞಾನಿ ಎ.ಆರ್. ಶಿವಕುಮಾರ್ ಬೆಂಗಳೂರಿನ ವಿಜಯನಗರದಲ್ಲಿ 1995ರಲ್ಲಿ ಕಟ್ಟಿದ ‘ಸೌರಭ’ ಮನೆ ಕುಡಿಯುವುದರಿಂದ ಹಿಡಿದು ಎಲ್ಲದಕ್ಕೂ ಮಾಳಿಗೆಯ ಮಳೆಯನ್ನೇ ನೆಚ್ಚಿ ನಡೆದುಕೊಂಡು ಬಂದಿದೆ. ಒಂದು ಸಂಸಾರ ಕುಡಿದು, ಬೇಯಿಸಿ, ಮಿಂದ ಮೇಲೆ ಒಂದು ಮೀನಿನ ತೊಟ್ಟಿ ಯಾವ ಲೆಕ್ಕ?

ಎಚ್ಚರಿಕೆಗಳಿವೆ. ಹಂಗಾಮಿನ ಮೊದಲ ಮಳೆ ಧೂಳು, ಹಕ್ಕಿಯ ಹಿಕ್ಕೆ ತೊಳೆದುಕೊಂಡು ಬರುತ್ತದೆ, ಅದನ್ನು ಹರಿಯಬಿಡಬೇಕು. ಆಮೇಲೂ ಪ್ರತಿ ಮಳೆಯ ಮೊದಲ ಹತ್ತು ನಿಮಿಷದ ನೀರು ಬೇಡ. ಹಳೆಯ ಮೇಲ್ಮುದ್ದೆ ಮನೆಯ ಮಣ್ಣಿನ ಮಾಳಿಗೆಯಿಂದ ಹಿಡಿದ ನೀರು ಈ ಕೆಲಸಕ್ಕೆ ಬಾರದು. ಹಂಚು, ತಗಡು, ಆರ್‌ಸಿಸಿ ಆಗುತ್ತದೆ. ಆರ್‌ಸಿಸಿ ಹೊಸದಾದರೆ ಸಿಮೆಂಟಿನ ಸುಣ್ಣ ನೀರಿಗೆ ಇಳಿಯುತ್ತದೆ, ಒಂದೆರಡು ಮಳೆಗಾಲ ಕಳೆಯಲಿ. ಅದೇ ಕಾರಣಕ್ಕೆ ಸಿಮೆಂಟಿನ ತೊಟ್ಟಿಯಲ್ಲಿ ಕೂಡಿಡುವುದಕ್ಕಿಂತ ಪ್ಲಾಸ್ಟಿಕ್ ಟಾಕಿ ಮೇಲು. ಬೆಳಕು ಹೊಗದಂತೆ, ಸೊಳ್ಳೆ ನುಸುಳದಂತೆ ಮುಚ್ಚಿಟ್ಟರೆ ನೀರು ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಹುಬ್ಬಳ್ಳಿ–ಧಾರವಾಡ ನಗರದೊಳಗಿನವರು ಬೋರಿನ ಬದಲು ಮಲಪ್ರಭೆಯ ನಲ್ಲಿ ನೀರು ಬೆರೆಸಬಹುದು. ಕಣಕುಂಬಿಯ ಕಾಡಿನಲ್ಲಿ ಹುಟ್ಟಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು ಬರುವ ಆ ನೀರು ಸಾಮಾನ್ಯವಾಗಿ ಬೋರಿನಷ್ಟು ಗಡಸು ಇರುವುದಿಲ್ಲ. ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ, ಒಂದು ದಿನ ಗಾಳಿಯಾಡಿಸಿ ಬಳಸಬೇಕು.

ಬರೀ ಮಳೆನೀರನ್ನೇ ಏಕೆ ತುಂಬಬಾರದು ಎಂಬುದು ಉತ್ಸಾಹಿಗಳ ಮುಂದಿನ ಪ್ರಶ್ನೆ. ಗಿಡಗಳಿಗಾಗಿ, ಮತ್ತು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿಗಾಗಿ. ಕ್ಯಾಲ್ಸಿಯಂ ಇಲ್ಲದೆ ಹೊಸ ಎಲೆ ಸೊಟ್ಟಗೆ ಮುರುಟಿ ಬರುತ್ತದೆ, ಮೆಗ್ನೀಸಿಯಂ ಇಲ್ಲದೆ ಹಳೆಯ ಎಲೆ ನರದ ನಡುವೆ ಹಳದಿಯಾಗುತ್ತದೆ. ಹೊಲದಲ್ಲಿ ಹತ್ತಿ ಬೆಳೆದವರಿಗೆ ಈ ಲಕ್ಷಣ ಗೊತ್ತೇ ಇರುತ್ತದೆ. ಮೀನಿನ ಅಮೋನಿಯಾವನ್ನು ಜೀರ್ಣಿಸುವ ಬ್ಯಾಕ್ಟೀರಿಯಾ ಕೆಲಸ ಮಾಡುತ್ತ ಹೋದಂತೆ ಕಾರ್ಬೊನೇಟನ್ನು ತಿನ್ನುತ್ತದೆ. ಕೆಎಚ್ ಸೊನ್ನೆಗಿಳಿದ ತೊಟ್ಟಿಯಲ್ಲಿ ಒಂದು ರಾತ್ರಿ ಪಿಎಚ್ ದಢಕ್ಕನೆ ಕುಸಿಯಬಹುದು. ಗಿಡಕ್ಕೆಂದು ಇಂಗಾಲದ ಡೈಆಕ್ಸೈಡ್ ಬಿಡುವವರಿಗಂತೂ ಈ ಅಪಾಯ ಇಮ್ಮಡಿ. ಕೆಎಚ್ ಎರಡು ಮೂರು ಡಿಗ್ರಿಯಾದರೂ ಇರಬೇಕು. ಪರದೇಶದವರು ಇದಕ್ಕಾಗಿ ಡಬ್ಬಿಯ ಖನಿಜಪುಡಿ ಕೊಳ್ಳುತ್ತಾರೆ. ಗರಗದಲ್ಲಿ ಆ ಖನಿಜ ಬೋರಿನಲ್ಲೇ ಬರುತ್ತದೆ, ಅಳತೆಯಲ್ಲಿ ಬೆರೆಸಿದರಾಯಿತು. ಹಂಡೆ ಕೆಡಿಸುವ ಸುಣ್ಣ ಇಲ್ಲಿ ಗೊಬ್ಬರ.

ಸುರಿದ ನೀರು ಮೆದುವಾಗಿದ್ದರೂ ತಳದ ಕಲ್ಲು ಅದನ್ನು ಮತ್ತೆ ಗಡಸು ಮಾಡಬಲ್ಲದು. ಅಮೃತಶಿಲೆಯ ಬಿಳಿ ಚೂರು, ಕಪ್ಪೆಚಿಪ್ಪು, ಎರೆಮಣ್ಣು ಮೂರೂ ಬೇಡ. ತಂದ ಮರಳಿನ ಮೇಲೆ ಲಿಂಬೆರಸ ಹಿಂಡಿ ನೋಡುವುದು ಹಳೆಯ, ನಂಬಬಹುದಾದ ಪರೀಕ್ಷೆ. ಬುಸುಬುಸು ಗುಳ್ಳೆ ಎದ್ದರೆ ಸುಣ್ಣ ಇದೆ ಎಂದೇ ಅರ್ಥ. ತಳಕ್ಕೆ ಒಳ್ಳೆಯ ಮಣ್ಣು ಹತ್ತಿರದಲ್ಲೇ ಇದೆ. ಜರ್ಮನಿಯ ಕಾಸ್ಪರ್ ಹೋರ್ಸ್ಟ್ ಮತ್ತು ಹೋರ್ಸ್ಟ್ ಕಿಪ್ಪರ್ 1980ರ ದಶಕದಲ್ಲಿ ಗಿಡದ ತೊಟ್ಟಿಯ ತಳಕ್ಕೆ ಕಬ್ಬಿಣದಂಶದ ಲ್ಯಾಟರೈಟ್ ಹಾಕುವ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಲ್ಯಾಟರೈಟ್ ಎಂದರೆ ಖಾನಾಪುರ, ಬೆಳಗಾವಿ ಕಡೆ ಮನೆ ಕಟ್ಟುವ ಜಂಬಿಟ್ಟಿಗೆ ಕಲ್ಲೇ. ಅದರ ಪುಡಿಯನ್ನು ಚೆನ್ನಾಗಿ ತೊಳೆದು, ಮೇಲೆ ಎರಡು ಇಂಚು ಮರಳು ಹಾಸಿದರೆ ಸಾಕು.

ಗಿಡದ ಆಯ್ಕೆಯಲ್ಲಿ ಶಾಖ ಅಡ್ಡ ಬರುತ್ತದೆ. 29 ಡಿಗ್ರಿಯಲ್ಲಿ ಅನೇಕ ನಾಜೂಕು ಗಿಡಗಳು ಕರಗಿಹೋಗುತ್ತವೆ. ಅಮೆಜಾನ್ ಸ್ವೋರ್ಡ್, ಅನುಬಿಯಾಸ್, ಜಾವಾ ಫರ್ನ್ ತಾಳಿಕೊಳ್ಳುತ್ತವೆ. ಇವುಗಳ ಜೊತೆಗೆ ನಮ್ಮ ಪಶ್ಚಿಮಘಟ್ಟದ ತೊರೆಗಳದೇ ಆದ ಕ್ರಿಪ್ಟೊಕೊರೈನ್ ಜಾತಿಗಳಿವೆ. ತಳಿಗಾರರ ಬಳಿ ಬೆಳೆದ ಸಸಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ತೊರೆಯಿಂದ ಕಿತ್ತು ತರುವುದು ಬೇಡ. ಅದೇ ರೀತಿ, ಗಾಜು ಚೊಕ್ಕ ಮಾಡಲೆಂದು ತಂದು ದೊಡ್ಡದಾದ ಮೇಲೆ ಬೇಡವೆನಿಸುವ ಸಕ್ಕರ್ ಮೀನನ್ನು ಊರ ಕೆರೆಗೆ ಬಿಡುವುದೂ ಬೇಡ. ದಕ್ಷಿಣ ಭಾರತದ ಎಷ್ಟೋ ಕೆರೆಗಳಲ್ಲಿ ಅದು ಈಗ ಸ್ಥಳೀಯ ಮೀನಿನ ಪಾಲನ್ನು ಕಸಿಯುತ್ತಿದೆ.

ಬದಲಾವಣೆ ನಿಧಾನವಾಗಿ ಆಗಬೇಕು. ಗಡಸು ನೀರಿಗೆ ಒಗ್ಗಿದ ಮೀನನ್ನು ಒಮ್ಮೆಲೇ ಮಳೆನೀರಿಗೆ ಹಾಕಿದರೆ ಅದರ ಮೈಯ ಉಪ್ಪಿನ ಸಮತೋಲ ತಪ್ಪುತ್ತದೆ. ಮೂರು ದಿನಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ಬದಲಿಸುತ್ತ, ಒಂದು ತಿಂಗಳು ಹಿಡಿದು ಇಳಿಸುವುದು ಕ್ಷೇಮ. ಪೆನ್ನಿನಂಥ ಟಿಡಿಎಸ್ ಮೀಟರ್ ಒಟ್ಟು ಲವಣ ಹೇಳುತ್ತದೆಯೇ ಹೊರತು ಗಡಸುತನ ಹೇಳುವುದಿಲ್ಲ. ಅದಕ್ಕೆ ಹನಿ ಎಣಿಸುವ ಕಿಟ್ ಬೇಕು. ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿರುವ ನೀರು ಪರೀಕ್ಷೆಯ ಕಿಟ್‌ನಲ್ಲಿಯೂ ಗಡಸುತನದ ಪರೀಕ್ಷೆ ಇದೆ, ಕೇಳಿ ನೋಡಬಹುದು. ಮನೆಯ ಬೋರಿನ ಸಂಖ್ಯೆ ಗೊತ್ತಾದ ಮೇಲೆಯೇ ಮೇಲಿನ ಲೆಕ್ಕ ಹಾಕಬೇಕು. 400 ಎಂಬುದು ಉದಾಹರಣೆಗೆ ಹಿಡಿದದ್ದು.

ಮಿರಗದ ಮಳೆ ಕೂಡುವುದು ಜೂನ್ 7–8ರ ಸುಮಾರಿಗೆ. ಅದಕ್ಕೂ ಮುಂಚೆ ಏಪ್ರಿಲ್–ಮೇ ತಿಂಗಳಲ್ಲಿ ಒಂದೆರಡು ಅಡ್ಡಮಳೆ ಬಂದು ಮಾಳಿಗೆಯನ್ನು ತೊಳೆದುಕೊಟ್ಟಿರುತ್ತವೆ. ಅಷ್ಟರಲ್ಲಿ ಹರನಾಳಿಗೆಗೆ ಪೈಪು, ಪೈಪಿನ ಬಾಯಿಗೆ ಜಾಲರಿ, ನೆರಳಿನಲ್ಲಿ ಮೂರು ಟಾಕಿ ತಯಾರಾಗಿರಲಿ. ಮೀನು ಸಾಕದವರೂ ಒಂದು ಟಾಕಿ ಇಟ್ಟುಕೊಳ್ಳಿ. ಆ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ.